ಪಂಪ್‌ಹೌಸ್ ಪುಟ್ಟರಾಜು ಮಾಡಿದ ಪೂಜೆ

ಮದ್ದೂರಿನ ತಗ್ಗಿನಲ್ಲಿ ಊರಿನ ಕೊಳಚೆಯೆಲ್ಲ ಬಂದು ಬೀಳುವ ಬಾವಿಯೊಂದಿದೆ. ಅದನ್ನು ಮೇಲೆತ್ತುವ ಪಂಪ್‌ಹೌಸಿನಲ್ಲಿ ಪುಟ್ಟರಾಜು ತಲೆ ನರೆಯುವವರೆಗೂ ಸ್ವಿಚ್ಚು ಒತ್ತಿದವನು. ತಾನಿಲ್ಲದಿದ್ದರೆ ಮದ್ದೂರೇ ಮುಳುಗುತ್ತದೆಂದು ಅವನ ನಂಬಿಕೆ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಮುದುಕಿಗೂ ತನಗೂ ಸೀರೆಯೊಂದೇ ವ್ಯತ್ಯಾಸ ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಹೋದ ವರ್ಷ ಪಂಪ್‌ಹೌಸಿಗೆ ರಿಪೇರಿ ಬಂತು. ತುಕ್ಕು ಹಿಡಿದ ಮೋಟಾರು, ಹಳೇ ವೈರು, ಪ್ಯಾನೆಲ್ ಬೋರ್ಡು ಎಲ್ಲ ಬದಲಾದವು. ಬಾವಿಯೊಳಗೆ ಫ್ಲೋಟ್ ಎಂಬ ಬುರುಡೆಯೊಂದನ್ನು ಕೇಬಲ್ಲಿನಲ್ಲಿ ಇಳಿಬಿಟ್ಟರು. ಕೊಳಚೆ ಏರಿ ಅದನ್ನು ತೇಲಿಸಿದರೆ ಪಂಪು ತಾನೇ ಓಡುತ್ತದೆ.

"ಟ್ರಯಲ್ ನೋಡ್ತೀವಿ. ಸರಿಯಾಗಿ ಓಡಿದ್ರೆ ಇಲ್ಲಿ ಆಪರೇಟರ್ ಬೇಕಾಗಲ್ಲ," ಎಂದರು ಇಂಜಿನಿಯರ್ ಮೇಧಾ. ಪುಟ್ಟರಾಜುವಿನ ಮನೆಯ ಒಲೆ ಉರಿಯುತ್ತಿದ್ದುದು ಇದೊಂದೇ ಕೆಲಸದಿಂದ.

ಹಾಗೆಂದು ಹೊಸ ಯಂತ್ರಕ್ಕೆ ಪೂಜೆ ಬಿಡುವುದುಂಟೇ? ಟ್ರಯಲ್ಲಿನ ದಿನ ಅವನೇ ಕುಂಬಳಕಾಯಿ ಒಡೆದ. ಮೋಟಾರಿಗೊಂದು, ಪ್ಯಾನೆಲ್ಲಿಗೊಂದು ಚೆಂಡುಹೂವಿನ ಹಾರ ಹಾಕಿದ. ಪಾಪ, ಫ್ಲೋಟಿಗೇಕೆ ಭೇದ ಎಂದು ಅದಕ್ಕೂ ಒಂದು ಹಾಕಿದ. ಪೂಜೆಯ ಹೂವು ಕೊಳಚೆ ತಾಕಿ ಮೈಲಿಗೆಯಾದೀತೆಂದು ಫ್ಲೋಟನ್ನು ಮೇಲಕ್ಕೆಳೆದು ಕಂಬಿಗೆ ಕಟ್ಟಿದ. ಆಮೇಲೆ ಪ್ರಸಾದದ ಚರ್ಪು ಹಂಚುವ ಗಡಿಬಿಡಿಯಲ್ಲಿ ಮರೆತೇಬಿಟ್ಟ.

ಮಧ್ಯಾಹ್ನ ಬಾವಿ ತುಂಬಿ ಬಾಯಿಗೆ ಬಂತು. ಪಂಪು ಮಾತ್ರ ಮಿಸುಕಲಿಲ್ಲ. ಪುಟ್ಟರಾಜುವಿಗೆ ಹಿಡಿಸಲಾರದಷ್ಟು ಸಂತೋಷ.

"ನಾನಿಲ್ದೆ ನಡ್ಯಾಕಿಲ್ಲ ಕಣ್ಲಾ!" ಎಂದು ಮೋಟಾರಿಗೆ ಹೇಳಿ, ಕೈಯಾರೆ ಸ್ವಿಚ್ಚು ಒತ್ತಿ ಊರು ಉಳಿಸಿದ.

ಮೇಧಾ ಓಡಿಬಂದರು. "ಇದನ್ನ ನಂಬೋ ಹಾಗಿಲ್ಲ, ಪುಟ್ಟರಾಜು ಅವರೇ. ನೀವು ಇರಲೇಬೇಕು," ಎಂದರು. ಪುಟ್ಟರಾಜುವಿನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಕಂಬಿಯಲ್ಲಿ ಹಾರದ ಸಮೇತ ತೂಗುತ್ತಿದ್ದ ಫ್ಲೋಟು ಅವನ ಕಣ್ಣಿಗೆ ಬಿತ್ತು. ಗಂಟು ತನ್ನದೇ. ಮೆಲ್ಲಗೆ ಬಿಚ್ಚಿಬಿಟ್ಟರೆ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಮೇಧಾ ಆಗಲೇ ಫೋನಿನಲ್ಲಿ, ಫ್ಲೋಟ್ ಜೋಡಿಸಿದ್ದ ಫಿಟ್ಟರ್ ಶಶಿಧರನಿಗೆ, "ನಾಳೆಯಿಂದ ಬರಬೇಡ," ಎನ್ನುತ್ತಿದ್ದರು. ಪುಟ್ಟರಾಜುವಿಗೆ ತಡೆಯಲಾಗಲಿಲ್ಲ.

"ಅವುಂದಲ್ಲ ತೆಪ್ಪು, ಮೇಡಮ್ಮೋರೆ. ಊವು ಮೈಲ್ಗೆ ಆಯ್ತದೆ ಅಂತ ನಾನೇ ಕಟ್ಟಾಕ್ಬುಟ್ಟೆ."

ಮೇಧಾ ಕಂಬಿ ನೋಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಶಿಧರನಿಗೆ ಬರಹೇಳಿ ಫೋನ್ ಇಟ್ಟರು.

"ಅಂದ್ರೆ ಆಪರೇಟರ್ ಬೇಡ. ಆದ್ರೆ ಇಲ್ಲಿಗೊಬ್ಬ ಕಾವಲುಗಾರ ಬೇಕೇ ಬೇಕು. ನೀವೇ ಇರಿ."

"ಕಳ್ರು ಬತ್ತಾರಾ, ಮೇಡಮ್ಮೋರೆ?"

"ಕಳ್ಳರಲ್ಲ. ನಿಮ್ಮಂಥ ಭಕ್ತರು."

ಅಂದಿನಿಂದ ಪುಟ್ಟರಾಜು ಪಂಪ್‌ಹೌಸಿನ ಬಾಗಿಲಲ್ಲಿ ಕೂತು ಪುಟ್ಟರಾಜುವನ್ನು ಕಾಯುತ್ತಿದ್ದಾನೆ.