ತಿರುವಿ ಹಾಸಿದ ಬೆಡ್‌ಶೀಟು

ಈ ‘ಅಡ್ಜಸ್ಟ್’ ಅನ್ನುವ ಮಾತನ್ನು ಯಾರು ಕಂಡುಹಿಡಿದರೋ, ಅವರ ಬಾಯಿಗಿಷ್ಟು ಮಣ್ಣು ಹಾಕ! ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನು ತುರುಕಿಕೊಂಡರೆ ಅಡ್ಜಸ್ಟ್. ಕುಡಿದು ಬರುವ ಗಂಡನ ಜೊತೆ ಬಾಳುವುದೂ ಅಡ್ಜಸ್ಟ್. ಫ್ಯಾನು ಸೊಟ್ಟಗಾದರೂ ಅದೇ, ಮನುಷ್ಯ ಸೊಟ್ಟಗಾದರೂ ಅದೇ. ಆಸ್ಪತ್ರೆ ಎದುರಿನ ಲಾಡ್ಜಿನಲ್ಲಿ ಅದಕ್ಕೆ ಇನ್ನೂ ಒಂದು ಅರ್ಥವಿತ್ತು. ಗೊತ್ತಿದ್ದದ್ದು ಮ್ಯಾನೇಜರಿಗೆ, ರೂಮು ನೋಡಿಕೊಳ್ಳುವ ಇಸ್ತ್ರಿ ಅಕ್ಕನಿಗೆ, ಇಬ್ಬರಿಗೇ.

ದೋಬಿ ಬಾರದ ದಿನ ಮ್ಯಾನೇಜರು ಮೇಜಿನಿಂದ ತಲೆ ಎತ್ತದೆ ಅಡ್ಜಸ್ಟ್ ಮಾಡಮ್ಮ ಅನ್ನುತ್ತಿದ್ದ. ಅಕ್ಕ ಕೊಳೆ ಶೀಟನ್ನೇ ತಿರುವಿ ಹಾಸಿ, ನೀರು ಚಿಮುಕಿಸಿ, ಮಂಚದ ಮೇಲೆಯೇ ಇಸ್ತ್ರಿ ಎಳೆಯುತ್ತಿದ್ದಳು. ಆ ಬಿಸಿಗೆ ಯಾರುಯಾರದೋ ಬೆವರು, ತಲೆಎಣ್ಣೆ ಎಲ್ಲ ಸೇರಿ ಗಪ್ಪೆಂದು ನಾತ ಏಳುತ್ತಿತ್ತು. ಮೊದಮೊದಲು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು, ಬರುಬರುತ್ತಾ ಮೂಗೇ ಸತ್ತುಹೋಯಿತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಇಷ್ಟಾದರೂ ತನ್ನಷ್ಟು ನೀಟಾಗಿ ಯಾರೂ ಹಾಸಲಾರರು ಎಂಬ ಜಂಬ ಬೇರೆ, ಥೂ!

ಅವಳ ಬಾಣಂತಿ ತಂಗಿಯನ್ನು ಆಸ್ಪತ್ರೆಯಿಂದ ಕಳಿಸಿದರು. ಹೊಲಿಗೆ ಬಿಚ್ಚುವ ತನಕ ದೂರ ಹೋಗುವಂತಿಲ್ಲ. ಅಕ್ಕ ಮ್ಯಾನೇಜರಿನ ಕೈಕಾಲು ಹಿಡಿದು ಕೆಳಗಿನ ಒಂದು ರೂಮು ಗೊತ್ತುಮಾಡಿ, ಮನೆಯಲ್ಲಿ ಒಗೆದ ಶೀಟು ಹಾಸಿಟ್ಟಿದ್ದಳು. ಅವಳು ಆ ಕಡೆ ಬಚ್ಚಲು ತೊಳೆಯುತ್ತಿರುವಾಗ ಒಳ್ಳೆ ಗಿರಾಕಿ ಬಂದ. ಮ್ಯಾನೇಜರು ಆ ರೂಮನ್ನು ಅವನಿಗೆ ಕೊಟ್ಟು, ತಂಗಿಯನ್ನು ಮಹಡಿಗೆ ಹತ್ತಿಸಿಬಿಟ್ಟ. ಕೇಳಿದ್ದಕ್ಕೆ ಮತ್ತೆ ಅದೇ ದರಿದ್ರ ಮಾತು.

ಅಕ್ಕ ಏದುಸಿರು ಬಿಡುತ್ತಾ ಮೇಲೆ ಬಂದಾಗ ಕೂಸು ಮಂಚದ ನಡುವೆ ಮಗ್ಗುಲಾಗಿ, ಮೊಲೆಯೆಂದುಕೊಂಡು ಶೀಟಿನ ಮಡಿಕೆಯನ್ನು ಚೀಪುತ್ತಿತ್ತು. ಬೆಳಿಗ್ಗೆ ತಾನೇ ತಿರುವಿ ಹಾಸಿದ ಶೀಟು. ಅದರ ಅಡಿಮೈಯಲ್ಲಿ ಏನಿದೆಯೆಂದು ಅವಳಿಗೊಬ್ಬಳಿಗೇ ಗೊತ್ತು. ಎಷ್ಟು ನೀಟಾಗಿ ಇಟ್ಟಿದ್ದೀಯಕ್ಕ ಎಂದು ತಂಗಿ ಮೆಚ್ಚಿಕೊಂಡಳು.

ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಅಕ್ಕ ಕೂಸನ್ನು ಬಾಚಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಶೀಟನ್ನು ಎಳೆದು ಬಿಸಾಡಿದಳು. ಅದು ಮಗುಚಿ ನೆಲಕ್ಕೆ ಬಿತ್ತು. ಹಳದಿ ಕಲೆ, ಒಣಗಿದ ರಕ್ತ, ಅಂಟಿಕೊಂಡ ಕೂದಲು.

“ಇದನ್ನ ಹಾಸಿದ್ದು ಯಾರಕ್ಕ?”

“ನಾನೇ ಕಣೆ. ಯಾವಾಗ್ಲೂ ನಾನೇ.”

ತಂಗಿ ಹೊಟ್ಟೆಯ ಹೊಲಿಗೆಯನ್ನು ಒತ್ತಿ ಹಿಡಿದು ಎದ್ದು ಬಂದು, ಅಕ್ಕನ ತೋಳಿನಿಂದ ಕೂಸನ್ನು ತೆಗೆದುಕೊಂಡಳು. ಮೊದಲು ಅದರ ಬಾಯಿ ಒರೆಸಿದಳು. ಆಮೇಲೆ ಅಕ್ಕನ ಕೈ ತಾಗಿದ ಕಡೆಯೆಲ್ಲ ಒರೆಸಿದಳು.