ಜ್ವರ ಎದ್ದಿಲ್ಲ

ಬೆಟ್ಟಕ್ಕೆ ಕೊಂಡೊಯ್ಯಲು ಒಂದು ಚೀಲ ಬೇಕಾಗಿತ್ತು. ಅಟ್ಟದ ಮೇಲೆ ಮಡಿಸಿಟ್ಟಿದ್ದ ಹಳೆಯ ಕೈಚೀಲವನ್ನು ಇಳಿಸಿ ಕೊಡವಿದೆ. ಧೂಳು ಬಂತು, ಎರಡು ಜಿರಲೆ ಬಂದವು, ಅವುಗಳ ಹಿಂದೆಯೇ ಒಂದು ವಾಸನೆ ಬಂತು. ಬಾಡಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ನನ್ನ ಅಕ್ಕ ನಂಜಮ್ಮ ದಿಬ್ಬೂರಹಳ್ಳಿಯಿಂದ ಅವರೆಕಾಯಿ ತುಂಬಿ ಕಳಿಸುತ್ತಿದ್ದ ಚೀಲ ಅದು. ಅವಳ ಮನೆಯ ಯಾವ ವಸ್ತುವಿಗೂ ಆ ವಾಸನೆ ತಪ್ಪಿದ್ದಲ್ಲ. ಆದರೆ ವರ್ಷದಿಂದ ಅಟ್ಟದಲ್ಲಿ ಬಿದ್ದಿದ್ದ ಬಟ್ಟೆಯಲ್ಲಿ ಸೊಪ್ಪಿನ ವಾಸನೆ ಉಳಿದೀತೇ? ಅನುಮಾನ ಬಂದು ಇನ್ನೊಮ್ಮೆ ಮೂಸಿದೆ. ಎರಡನೆಯ ಸಲ ಬರೀ ಧೂಳು.

ನನ್ನ ಜಾಯಮಾನವೇ ಹೀಗೆ. ಮೈಸೂರಿನಲ್ಲಿ ತತ್ವಶಾಸ್ತ್ರ ಓದುವಾಗ, ಪರೀಕ್ಷಿಸದೆ ಯಾವುದನ್ನೂ ನಂಬಬಾರದೆಂದು ಕಲಿಸಿದರು. ಆ ಒಂದು ಪಾಠವನ್ನು ನಾನು ಅಗತ್ಯಕ್ಕಿಂತ ಚೆನ್ನಾಗಿ ಕಲಿತೆ. ಒಂದು ಕಡೆ ಕುಳಿತುಕೊಳ್ಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಗೌರಿಬಿದನೂರಿನ ಶಾಲೆಯಲ್ಲಿ ಎರಡು ವರ್ಷ, ಚಿಂತಾಮಣಿಯಲ್ಲಿ ಒಂದೂವರೆ, ಈಗ ಶಿಡ್ಲಘಟ್ಟ. ತರಗತಿಯಲ್ಲೂ ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಪಾಠ ಮಾಡುತ್ತೇನೆ. ಇಷ್ಟು ನಡೆದವನಿಗೆ ಬೆಟ್ಟ ಹತ್ತುವುದು ಏನು ಮಹಾ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಹದಿನೈದು ದಿನಗಳಿಂದ ದಿನವೂ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರೂ ನಾನೂ ಕೆರೆಯ ಏರಿಯನ್ನು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೇವೆ. ನಾಲ್ಕನೆಯ ಸುತ್ತಿಗೆ ನನ್ನ ಮಂಡಿ ನನ್ನೊಡನೆ ವಾದಕ್ಕೆ ನಿಲ್ಲುತ್ತದೆ. ಈ ವಾದದಲ್ಲಿ ನನ್ನ ತರ್ಕಶಾಸ್ತ್ರ ಯಾವ ಉಪಯೋಗಕ್ಕೂ ಬಂದಿಲ್ಲ.

ಈ ಬೆಟ್ಟದ ಕಥೆ ಶುರುವಾದದ್ದು ಹೋಟೆಲಿನಲ್ಲಿ. ದಿಬ್ಬೂರಹಳ್ಳಿಯಲ್ಲಿ ಊರವರೇ ಶ್ರಮದಾನ ಮಾಡಿ ಒಂದು ಕೋಣೆಗೆ ಗೋಡೆ ಎಬ್ಬಿಸಿದ್ದರು. ಮೇಲೆ ಸೂರಿದ್ದರೆ ವಾರಕ್ಕೊಂದು ದಿನ ಬಂದು ರೋಗಿಗಳನ್ನು ನೋಡುತ್ತೇನೆಂದು ಒಬ್ಬ ಡಾಕ್ಟರು ಒಪ್ಪಿದ್ದರು. ಗೋಡೆ ಬಿಸಿಲು ಕಾಯುತ್ತ ನಿಂತಿತ್ತು. ಆ ಕೋಣೆಗೆ ನೆರವು ಕೇಳಿಕೊಂಡು ನಾವು ಮೇಷ್ಟ್ರುಗಳು ನಾಲ್ಕಾರು ಜನ ಕಲ್ಲುಗಣಿಯ ವೆಂಕಟರಾಯಪ್ಪನವರನ್ನು ಹಿಡಿದೆವು. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿಯುತ್ತ ನಕ್ಕರು.

"ಅಲ್ಲ ಸ್ವಾಮಿ, ಹುಡುಗ್ರನ್ನ ಬೆಂಚ್ ಹತ್ತಿಸೋದು ಬಿಟ್ರೆ ನೀವಾಗಿ ಜನ್ಮದಲ್ಲಿ ಏನನ್ನಾದ್ರೂ ಹತ್ತಿದ್ದೀರಾ? ಕಳವಾರದ ಬೆಟ್ಟ ಹತ್ತಿ ತೋರ್ಸಿ. ಮೇಲಿನ ಕೋಟೆ ಗೋಡೆ ಮುಟ್ಟಿದೋರ ತಲೆಗೊಂದು ಚಪ್ಪಡಿ. ಹೋಗಿ!"

ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಎಂಬ ಮಾತು ನಮ್ಮಲ್ಲಿದೆ. ಅದನ್ನು ಅಕ್ಷರಶಃ ಮಾಡಲು ಒಪ್ಪಿಕೊಂಡು ಎದ್ದು ಬಂದ ಮೊದಲ ಮೇಷ್ಟ್ರುಗಳು ನಾವೇ ಇರಬೇಕು. ಸುದ್ದಿ ಹಬ್ಬಿತು. ಕೋಣೆಯ ಸೂರಿಗೆ ಹದಿನಾರು ಕಲ್ಲುಚಪ್ಪಡಿ ಬೇಕು. ಮೇಷ್ಟ್ರುಗಳು ಹತ್ತು ಜನ, ದಿಬ್ಬೂರಹಳ್ಳಿಯವರು ಆರು ಜನ ಹೆಸರು ಕೊಟ್ಟರು. ಆ ಆರರಲ್ಲಿ ಮೊದಲನೆಯದು ನನ್ನ ಭಾವ ಪಿಳ್ಳಪ್ಪನವರದು. ಕೋಣೆಯ ಗೋಡೆಗೆ ಮೊದಲ ಕಲ್ಲು ಹೊತ್ತವರೂ ಅವರೇ. ಯಾಕೆಂದು ಎಲ್ಲರಿಗೂ ಗೊತ್ತು. ಹೋದ ವರ್ಷ ಇದೇ ದಿನಗಳಲ್ಲಿ ನನ್ನ ಅಕ್ಕ ಜ್ವರದಿಂದ ತೀರಿಕೊಂಡಳು.

ಎಲ್ಲರಿಗೂ ಗೊತ್ತಿಲ್ಲದ ಸಂಗತಿ ಒಂದಿದೆ. ಈ ವರ್ಷವೆಲ್ಲ ನಾನು ಅದರ ಸುತ್ತಲೇ ಓಡಾಡಿದ್ದೇನೆ. ಅದನ್ನು ಹೇಳುವ ಮೊದಲು, ನೀವು ರೇಷ್ಮೆ ಸಾಕದ ಸೀಮೆಯವರಾದರೆ, ಒಂದು ಮಾತಿನ ಅರ್ಥ ತಿಳಿಸಬೇಕು.

ನಮ್ಮ ಕಡೆ ಜ್ವರ ಮನುಷ್ಯರಿಗೆ ಮಾತ್ರ ಬರುವುದಿಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗುತ್ತದೆ. ಹಳೆಯ ಚರ್ಮ ಕಳಚಿ ಮತ್ತೆ ಎದ್ದು ತಿನ್ನುತ್ತದೆ. ಹೀಗೆ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ ಎಂದು ಲೆಕ್ಕ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವನ್ನು ನೋಡಿಯೇ ನಂಬಬೇಕು. ಗಾಡಿಗಟ್ಟಲೆ ಸೊಪ್ಪು ಸಾಲದು. ಆಗ ನೆಂಟರಿಷ್ಟರಿಗೆಲ್ಲ "ಜ್ವರ ಎದ್ದಿದೆ, ಬನ್ನಿ" ಎಂದು ಹೇಳಿ ಕಳಿಸುತ್ತಾರೆ. ಸೊಪ್ಪು ಕೊಯ್ಯಲು ಕೈ ಬೇಕು ಎಂದು ಅರ್ಥ.

ಅಂಥ ಕರೆಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ನಾನು ನಿಪುಣ. ನನ್ನನ್ನು ಓದಿಸಿದ್ದು ಆ ಹುಳುಗಳೇ, ಅಂದರೆ ಅಕ್ಕ ಮಾರಿದ ಗೂಡುಗಳೇ. ಆದರೂ ಒಂದು ಪರೀಕ್ಷೆ, ಒಂದು ಪತ್ರಿಕೆ ತಿದ್ದುವ ಕೆಲಸ, ಒಂದು ತಲೆನೋವು ಎಂದು ಸಬೂಬು ಹೇಳುತ್ತಿದ್ದೆ. ಅಕ್ಕ ಸಿಟ್ಟಾಗುತ್ತಿರಲಿಲ್ಲ. "ಸೊಪ್ಪು ಕೊಯ್ಯೋಕೆ ಬರದಿರೋ ಎಂ.ಎ. ಇಟ್ಕೊಂಡು ಏನ್ ಮಾಡ್ತೀಯೋ ಅಪ್ಪ? ಹುಳಕ್ಕಾದ್ರೂ ಹಾಕು, ತಿಂದಾವು" ಎನ್ನುತ್ತಿದ್ದಳು.

ಈಗ ಆ ದಿನ. ದಿಬ್ಬೂರಹಳ್ಳಿಯ ಬಸ್ಸಿನ ಕಂಡಕ್ಟರ್ ಖಾದರ್ ಸಾಬ್ ಆ ದಾರಿಯ ಹಳ್ಳಿಗಳಿಗೆಲ್ಲ ನಡೆದಾಡುವ ಅಂಚೆ. ಬಾಯಿಮಾತನ್ನು ಪುಕ್ಕಟೆ ಒಯ್ಯುತ್ತಾನೆ, ಉತ್ತರವನ್ನೂ ತರುತ್ತಾನೆ. ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ಅವನು ಬಸ್ ಸ್ಟ್ಯಾಂಡಿನಿಂದ ಕೂಗಿ ಹೇಳಿದ: "ಮೇಷ್ಟ್ರೇ, ಪಿಳ್ಳಪ್ಪನವರು ಹೇಳಿ ಕಳ್ಸವ್ರೆ. ಜ್ವರ ಎದ್ದಿಲ್ವಂತೆ. ಬರ್ಬೇಕಂತೆ."

ನನ್ನ ತರ್ಕ ತಕ್ಷಣ ಓಡಿತು. ಎದ್ದ ಮೇಲೆ ತಾನೆ ಸೊಪ್ಪು ಬೇಕು? ಎದ್ದಿಲ್ಲ ಎಂದರೆ ಇನ್ನೂ ಎರಡು ದಿನ ಇದೆ. ನಾನು ಶಾಲೆಗೆ ಹೋದೆ. ಮೂರನೆಯ ದಿನ ಬಂದ ಸುದ್ದಿಯಲ್ಲಿ ಯಾವ ಅಸ್ಪಷ್ಟತೆಯೂ ಇರಲಿಲ್ಲ. ಎದ್ದಿರದಿದ್ದದ್ದು ಹುಳುವಲ್ಲ, ಜ್ವರ ಹಿಡಿದು ಮಲಗಿದ್ದ ಅಕ್ಕ.

ಅಕ್ಕನ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಭಾವ ನನ್ನ ತೋಳು ಹಿಡಿದುಕೊಂಡರು. "ನಿನಗೆ ಚಿಂತಾಮಣಿ ಡಾಕ್ಟ್ರ ಪರಿಚಯ ಐತೆ, ನೀನು ಬಂದ್ರೆ ಕರ್ಕೊಂಡು ಹೋಗಣ ಅಂತ ಕಾದ್ವಿ ಕಣೋ. ಖಾದರ್ ಬಂದು, ಹೇಳ್ದೆ, ಬರ್ತಾರಂತೆ ಅಂದ. ಆ ನನ್ಮಗ ನಿಂಗೆ ಹೇಳೇ ಇಲ್ಲ ಅಲ್ವಾ?"

ನಾನು ತಲೆ ಆಡಿಸಿದೆ.

ಹೇಗೆ ಆಡಿಸಿದೆ ಎಂಬುದನ್ನು ಒಂದು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಮ್ಮ ಜನ ಹೌದಿಗೂ ಇಲ್ಲಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ತಲೆ ಆಡಿಸುತ್ತಾರೆ. ದುಃಖದಲ್ಲಿ ಸುಮ್ಮನೆ ಅಲ್ಲಾಡಿದ ತಲೆಯೂ ಇರಬಹುದು. ಭಾವ ಅದನ್ನು "ಹೇಳಲಿಲ್ಲ" ಎಂದು ಓದಿಕೊಂಡರು. ನಾನು ತಿದ್ದಲಿಲ್ಲ. ಅಂದಿನಿಂದ ಭಾವ ಖಾದರನ ಬಸ್ಸು ಹತ್ತಿಲ್ಲ, ಗಾಡಿ ಕಟ್ಟಿಕೊಂಡು ಬರುತ್ತಾರೆ. ಊರಿನಲ್ಲಿ ಅವನ ಕೈಯಲ್ಲಿ ಮಾತು ಕಳಿಸುವುದನ್ನು ಹಲವರು ಬಿಟ್ಟರು. ಖಾದರ್ ಮಾತ್ರ ನನಗೆ ದಿನವೂ ನಮಸ್ಕಾರ ಹೇಳುತ್ತಿದ್ದ. ನಾನು ಆ ಹೊತ್ತಿಗೆ ಶಾಲೆಗೆ ಹಿಂದಿನ ಬೀದಿಯಿಂದ ಹೋಗುವ ಅಭ್ಯಾಸ ಮಾಡಿಕೊಂಡೆ.

ವರ್ಷವೆಲ್ಲ ನನ್ನ ಸಂಶಯ ನನ್ನನ್ನು ಚೆನ್ನಾಗಿಯೇ ಸಾಕಿತು. ಅವನು "ಜ್ವರ ಎದ್ದಿಲ್ಲ" ಎಂದನೋ, "ಜ್ವರದಿಂದ ಎದ್ದಿಲ್ಲ" ಎಂದನೋ? ಅಕ್ಕನ ಹೆಸರು ಹೇಳಿದನೋ, ಇಲ್ಲವೋ? ಬಸ್ಸಿನ ಸದ್ದಿತ್ತೇ? ಸಾಕ್ಷಿಯ ನೆನಪು ನಂಬಲರ್ಹವಲ್ಲ ಎಂದು ಪುಸ್ತಕಗಳು ಹೇಳುತ್ತವೆ, ನಾನೋ ಒಬ್ಬನೇ ಸಾಕ್ಷಿ. ಹೀಗೆ ವಿಚಾರಣೆ ಮುಂದೂಡುತ್ತಲೇ ಹೋದೆ. ಇನ್ನೊಬ್ಬ ಸಾಕ್ಷಿ ದಿನಕ್ಕೆರಡು ಸಲ ಬಸ್ ಸ್ಟ್ಯಾಂಡಿಗೆ ಬಂದು ಹೋಗುತ್ತಿದ್ದ. ಅವನನ್ನು ಕೇಳಬಹುದೆಂದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದು ಸುಳ್ಳು.

ಮೊನ್ನೆ ಗುರುವಾರ ಭಾವ ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದವರು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಅಂದು ಊರಿನವರೊಬ್ಬರ ಗಾಡಿಯಲ್ಲಿ ಬಂದಿದ್ದರು, ಮಾರಿದ ಗೂಡಿನ ಖಾಲಿ ಬುಟ್ಟಿಗಳೂ ಅದರಲ್ಲೇ ಇದ್ದವು. ಜಗಲಿಯ ಮೇಲೆ ಕುಳಿತು, ಕಾಲಿನ ಧೂಳು ಕೊಡವಿ, ಬೆಟ್ಟದ ಏರ್ಪಾಡು ಕೇಳಿದರು. ನೀರಿಗೆ ಮಡಕೆ, ಬುತ್ತಿಗೆ ಚಿತ್ರಾನ್ನ ಎಲ್ಲ ಹೇಳಿದೆ. ಕೊನೆಗೆ ಹೇಳಬೇಕಾದ್ದನ್ನೂ ಹೇಳಿದೆ. ಎಲ್ಲರನ್ನೂ ಕಳವಾರಕ್ಕೆ ಕರೆದೊಯ್ಯಲು ಖಾದರ್ ತಾನಾಗಿಯೇ ಮಾಲೀಕರನ್ನು ಕೇಳಿ ಬಸ್ಸು ಗೊತ್ತು ಮಾಡಿದ್ದಾನೆ.

ಭಾವ ಎದ್ದು ನಿಂತರು. "ಹಂಗಾದ್ರೆ ನನ್ನ ಚಪ್ಪಡಿ ಬಿಟ್ಬಿಡಿ ಕಣಪ್ಪ. ನಮ್ಮೋರು ಆರು ಜನಾನೂ ಬರಲ್ಲ. ನಿಮ್ಮಕ್ಕನ್ನ ತಿಂದೋನ ಗಾಡೀಲಿ ಕೂತು ನಿಮ್ಮಕ್ಕನ ಹೆಸರಲ್ಲಿ ಬೆಟ್ಟ ಹತ್ತೋದಾ?"

ಅವರು ಮೆಟ್ಟಿಲಿಳಿಯುತ್ತಿದ್ದರು. ನಾನು ಹಿಂದಿನಿಂದ ಹೇಳಿದೆ: "ಭಾವ, ಖಾದರ್ ಹೇಳಿದ್ದ."

ಅವರು ತಿರುಗಲಿಲ್ಲ. "ಏನಂತ?"

"ಜ್ವರ ಎದ್ದಿಲ್ಲ, ಬರ್ಬೇಕಂತೆ ಅಂತ."

"ನಾನು ಹೇಳಿ ಕಳ್ಸಿದ್ದೂ ಅದೇ ಮಾತು." ಈಗ ತಿರುಗಿದರು. "ಮತ್ತೆ?"

"ಹುಳ ಅಂದ್ಕೊಂಡೆ."

ಭಾವ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿ ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಆ ಸಲ ನಾವು ಹುಳಾನೇ ಸಾಕಿರ್ಲಿಲ್ಲವಲ್ಲೋ," ಎಂದರು. "ಅವಳಿಗೆ ಮೈ ಹುಷಾರಿಲ್ಲ ಅಂತ ಮೊಟ್ಟೆ ತಂದೇ ಇರ್ಲಿಲ್ಲ. ಹುಳದ ತಟ್ಟೆಗಳ್ನೆಲ್ಲ ಗೋಡೆಗೆ ಒರಗಿಸಿಟ್ಟಿದ್ವಿ. ಎರಡು ತಿಂಗಳು!"

"ನಂಗೆ ಗೊತ್ತಿರ್ಲಿಲ್ಲ ಭಾವ."

"ಗೊತ್ತಾಗೋಕೆ ನೀನು ಬರ್ಬೇಕಿತ್ತಲ್ಲಪ್ಪ."

ವರ್ಷವೆಲ್ಲ ನಾನು ಆ ಒಂದು ವಾಕ್ಯವನ್ನು ಹಿಡಿದು, ಅದರ ವಿಭಕ್ತಿ ಪ್ರತ್ಯಯಗಳನ್ನು ಎಣಿಸುತ್ತ ಕುಳಿತಿದ್ದೆ. ಎರಡು ತಿಂಗಳು ಹನ್ನೆರಡು ಮೈಲಿ ಆಚೆಯ ಅಕ್ಕನ ಮನೆಗೆ ಹೋಗದೆ ಇದ್ದದ್ದು ನನ್ನ ವಿಚಾರಣೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ನನ್ ಹತ್ರ ಹೇಳಿದ್ದು ಸಾಲ್ದು," ಎಂದರು ಭಾವ. "ಅವನು ಹೇಳ್ಲಿಲ್ಲ, ಅವನು ಹೇಳ್ಲಿಲ್ಲ ಅಂತ ಊರೆಲ್ಲ ಸಾರ್ಕೊಂಡು ತಿರುಗಿದ್ದೀನಿ ನಾನು. ನಡಿ, ಸಂಜೆ ಬಸ್ಸಿಗೆ."

ಬಸ್ಸಿನಲ್ಲಿ ದಿಬ್ಬೂರಹಳ್ಳಿಯವರೇ ಹೆಚ್ಚು. ಭಾವ ಮೆಟ್ಟಿಲ ಮೇಲೆ ಕಾಲಿಟ್ಟದ್ದನ್ನು ಕಂಡು ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಖಾದರ್ ಟಿಕೆಟ್ ಪುಸ್ತಕ ಹಿಡಿದು ನಿಂತೇ ಇದ್ದ. "ಎರಡು ಕೊಡಪ್ಪ," ಎಂದರು ಭಾವ. "ಇವನು ಏನೋ ಹೇಳ್ಬೇಕಂತೆ."

ಹೇಳಿದೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಬಾಯಿಗೆ ನಾಲ್ಕು ಮಾತು ಹೇಳಲು ಬಹಳ ಹೊತ್ತು ಹಿಡಿಯಿತು. ಕೋಳಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ಮುದುಕಿ "ಅಯ್ಯೋ ದೇವುಡಾ" ಎಂದಳು. ಯಾರ ಕುರಿತು ಎಂದು ತಿಳಿಯಲಿಲ್ಲ.

"ಅವತ್ತು ನೀನು ನಿಜವಾಗಿ ಏನಂದೆ ಖಾದರ್?" ಎಂದು ಕೇಳಿದೆ. ಒಂದು ವರ್ಷ ತಡವಾಗಿ.

ಅವನು ಟಿಕೆಟ್ ಹರಿದು ಕೊಟ್ಟ. "ಜ್ವರ ಎದ್ದಿಲ್ಲ, ಜಲ್ದಿ ಬರ್ಬೇಕಂತೆ ಅಂದೆ ಸಾರ್. ನೀವು, ನಾಡಿದ್ದು ನೋಡಣ ಅಂದ್ರಿ."

ಅಂಥ ಮಾತು ಆಡಿದ ನೆನಪು ನನಗೆ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

"ಮತ್ತೆ ನನ್ಹತ್ರ ಬರ್ತಾರಂತೆ ಅಂದ್ಯಲ್ಲಾ?" ಎಂದರು ಭಾವ.

"ನಂಜಮ್ಮೋರು ಮಂಚದ ಮೇಲಿಂದ ಕೇಳಿಸ್ಕೊತಾ ಇದ್ರಲ್ಲ ಅಣ್ಣಾ. ನಾಡಿದ್ದು ನೋಡಣ ಅಂತ ಹೆಂಗೆ ಹೇಳ್ಲಿ? ಬರ್ತಾರಂತೆ ಅಂದೆ. ಅದೊಂದು ನಾನೇ ಸೇರಿಸಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಮುಂದೆ ಜರುಗಿ ಮೇಷ್ಟ್ರೇ, ಹಿಂದೆ ಜನ ನಿಂತವ್ರೆ," ಎಂದ.

ಆ ಸಂಜೆ ದಿಬ್ಬೂರಹಳ್ಳಿಯ ಕಟ್ಟೆಯ ಹತ್ತಿರ ಇನ್ನೊಮ್ಮೆ ಹೇಳಿದೆ. ಕೆಲವರು ಎದ್ದು ಹೋದರು. ಊಟಕ್ಕೆ ಭಾವ ಎಲೆ ಹಾಕಿ, ತಾವು ಜಗಲಿಗೆ ಹೋಗಿ ಕುಳಿತರು.

ಇಂದು ಶನಿವಾರ, ನಾಳೆ ಬೆಟ್ಟ. ಕ್ಯಾನ್ವಾಸ್ ಶೂಗಳಿಗೆ ಹೊಸ ಲಾಡಿ ಹಾಕಿದ್ದೇನೆ. ಬೆಳಿಗ್ಗೆ ಖಾದರ್ ಸುದ್ದಿ ತಂದ: ದಿಬ್ಬೂರಹಳ್ಳಿಯ ಆರು ಜನವೂ ಬರುತ್ತಾರಂತೆ. ನಿಜವೋ, ಇದೂ ಅವನೇ ಸೇರಿಸಿದ್ದೋ ಎಂದು ನಾನು ಕೇಳಲಿಲ್ಲ. ಆದರೆ ಇನ್ನೊಂದು ಸಂಗತಿ ನಡೆದಿದೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅವನು ಸುದ್ದಿ ಹೇಳಿ ತಿರುಗಿದ ಹೊತ್ತಿನಲ್ಲಿ ನನಗೆ ನೆನಪಾಯಿತು. ಆ ದಿನ ನನ್ನ ಕೈಯಲ್ಲಿ ಹುಡುಗರ ಉತ್ತರಪತ್ರಿಕೆಗಳ ಕಟ್ಟಿತ್ತು. ಅದನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ, ಅವನ ಮುಖ ನೋಡದೆ, ನಾಡಿದ್ದು ನೋಡಣ ಎಂದು ನಾನೇ ಹೇಳಿದೆ. ನನ್ನ ದನಿಯೇ ಅದು.