ಅಬು ಹಲೀಫಾದ ಡಬ್ಬಿಯಲ್ಲಿ ಒಂದು ಓಟು

ಕುವೈತಿನಲ್ಲಿದ್ದ ನಮ್ಮ ಊರಿನವರ ಸಂಘದ ಅಧ್ಯಕ್ಷರ ಚುನಾವಣೆಯಲ್ಲಿ ಅಬು ಹಲೀಫಾ ಏರಿಯಾದವರು ಯೋಚಿಸಿ ಓಟು ಹಾಕಿದವರಲ್ಲ, ನಮ್ಮವ ಗೆದ್ದರೆ ಸಾಕು. ೧೯೯೦ರ ಬೇಸಿಗೆಯಲ್ಲಿ ನಮ್ಮವ ಎಂದರೆ ಭೋಜ, ಎದುರಾಳಿ ಜಾಬ್ರಿಯಾ ಏರಿಯಾದವನು. ಏರಿಯಾಕ್ಕೊಂದು ಡಬ್ಬಿ ಇಡುವ ಸಂಘದಲ್ಲಿ ಗುಟ್ಟು ಎಲ್ಲಿಯದು? ಭೋಜನೇ ಗೆದ್ದ. ಆದರೆ ನಮ್ಮ ಡಬ್ಬಿಯಲ್ಲಿ ಒಂದೇ ಒಂದು ಓಟು ಜಾಬ್ರಿಯಾದವನಿಗೆ ಬಿದ್ದಿತ್ತು.

ಅದು ಭೋಜನ ಹೆಂಡತಿ ಚಂಪಾಳದು. ಮದುವೆಯಾಗಿ ಸುರತ್ಕಲ್ಲಿನಿಂದ ಕುವೈತಿಗೆ ಬಂದ ಮೇಲೆ ಅವಳು ಗಂಡನಿಗಿಂತ ಹೆಚ್ಚು ನೋಡಿದ್ದು ಸಂಘದ ಚಹಾ ಲೋಟಗಳನ್ನು. ಸೋತರೆ ಶುಕ್ರವಾರವಾದರೂ ಮಕ್ಕಳ ಜೊತೆ ಕೂತು ಊಟ ಮಾಡಿಯಾನು ಎಂಬ ಆಸೆ, ಅಷ್ಟೇ. ಗೆಲುವಿನ ಪಾಯಸ ಬಡಿಸುವಾಗಲೂ ಅವಳು ಬಾಯಿ ಬಿಡಲಿಲ್ಲ.

ಗುಮಾನಿ ಬಿದ್ದದ್ದು ನಮ್ಮದೇ ಏರಿಯಾದ ಆಂಥೋನಿಯ ಮೇಲೆ. ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ಡ್ರೈವರ್ ಆಗಿದ್ದ, ಅದೊಂದೇ ಸಾಕ್ಷಿ. ಯಾರೂ ಕೇಳುವ ಮೊದಲೇ "ದೇವರಾಣೆ, ನಾನಲ್ಲ" ಎಂದುಬಿಟ್ಟ, ಪಾಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಎಲ್ಲರೂ ನಕ್ಕರು. ಇಂಥದೊಂದು ಗಾದೆ ಸಿಕ್ಕಿದರೆ ನಮ್ಮವರಿಗೆ ಬೇರೆ ಕೋರ್ಟು ಬೇಡ. ಅಂದಿನಿಂದ ಅವನೊಡನೆ ಮಾತು ಬಿಟ್ಟರು. ಆ ಗಾದೆ ಕೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಭೋಜ ಜೀವ ಕೈಯಲ್ಲಿ ಹಿಡಿದು ಓಡಾಡಿ, ಬಸ್ರಾ ದಾರಿಯಾಗಿ ಅಮ್ಮಾನಿಗೆ ಹೋಗಿ ಊರಿನ ವಿಮಾನ ಹತ್ತಲು ಒಂದು ಬಸ್ಸು ಹೊಂದಿಸಿದ. ಸಂಘದವರು ಎಲ್ಲರ ಬಾಗಿಲು ತಟ್ಟಿದರು, ಆಂಥೋನಿಯದೊಂದು ಬಿಟ್ಟು.

ಬಸ್ಸು ಹತ್ತಿದ ಮೇಲೆ ಚಂಪಾ ಗಂಡನ ತೋಳು ಹಿಡಿದಳು. "ಆಂಥೋನಿಯ ರೂಮು ಇಲ್ಲೇ ಹಿಂದಿನ ಗಲ್ಲಿಯಲ್ಲಿ. ಕರ್ಕೊಂಡು ಬನ್ನಿ. ಆ ಓಟು ಹಾಕಿದ್ದು ಅವರಲ್ಲ, ನಾನು."

ಭೋಜನ ಮುಖ ಕಪ್ಪಿಟ್ಟಿತು. "ಈಗ ಎಲ್ಲರೆದುರು ಅದನ್ನು ಹೇಳ್ಲಿಕ್ಕುಂಟಾ? ನನ್ನ ಮರ್ಯಾದೆ ಎಂತ ಆಗ್ಬೇಕು? ಸುಮ್ಮನೆ ಕೂತ್ಕೋ."

ಅವಳು ಕೂತಳು. ಭೋಜ ಡ್ರೈವರನಿಗೆ "ಯಲ್ಲಾ" ಎಂದ. ಬಸ್ಸು ಹೊರಟಿತು.

ಒಬ್ಬನೇ ಉಳಿದ ಆಂಥೋನಿ ಹಳೆಯ ಕಾರೊಂದರಲ್ಲಿ ಗಡಿ ದಾಟಲು ಹೋದನಂತೆ. ಆಮೇಲೆ ಅವನ ಸುದ್ದಿಯೇ ಇಲ್ಲ.

ಯುದ್ಧ ಮುಗಿದ ಮೇಲೆ ಚಂಪಾ ಊರಿನಲ್ಲೇ, ಬಜಪೆಯಲ್ಲಿದ್ದ ಅವನ ಹೆಂಡತಿ ವೈಲೆಟ್‌ಳನ್ನು ಹುಡುಕಿಕೊಂಡು ಹೋದಳು. ಓಟಿನ ಕತೆ, ಬಸ್ಸಿನ ಕತೆ ಎಲ್ಲವನ್ನೂ ಅಳುತ್ತಾ ಹೇಳಿದಳು. "ನಾನು ಮಾಡಿದ್ದು ನಿಮ್ಮ ಯಜಮಾನರ ತಲೆಗೆ ಬಂತು, ವೈಲೆಟ್ ಬಾಯಿ."

ವೈಲೆಟ್ ಬೈಯಲಿಲ್ಲ. ಬೈದಿದ್ದರೆ ಚಂಪಾ ಬದುಕಿಕೊಳ್ಳುತ್ತಿದ್ದಳು.

"ಓಟು ಯಾರದ್ದಾದ್ರೆ ನನಗೆಂತ, ಚಂಪಕ್ಕ? ಬಸ್ಸಿನಲ್ಲಿ ಜಾಗ ಇತ್ತಾ? ಅದೊಂದು ಹೇಳಿ."

ಚಂಪಾ ತಲೆಯೆತ್ತಲಿಲ್ಲ.

"ಇತ್ತು. ನನ್ನ ಪಕ್ಕದಲ್ಲೇ. ಚೀಲ ಇಟ್ಟಿದ್ದೆವು."